ಮಿಂಚೊನ ತಲೆಯೂ ಆರು ಕಡಸುಗಳೂ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಹಟ್ಟಿಯ ಹಸುಗಳ ಕೆಚ್ಚಲು ಇವತ್ತೇ ಬತ್ತಿ ಹೋಗಲಿ. ನನ್ನ ಹಟ್ಟಿಯಲ್ಲಿ ಹಸುಗಳೇ ಇಲ್ಲ ಎನ್ನುವುದು ಬೇರೆ ಮಾತು, ಆಣೆ ಆಣೆಯೇ. ನಮ್ಮ ಸುಹಾ ಚೆಶ್ಮಾದಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದೇನೆ, ಬೇಕಾದರೆ ಇಲ್ಲೇ ಬೀನ್ಸ್ ಬಿಡಿಸುತ್ತ ಕೂತಿರುವ ಡೊಬ್ರಿಂಕಾಳನ್ನು ಕೇಳಿ. ಊರಿನ ಹೆಸರಿಗೆ 'ಒಣಗಿದ ನಲ್ಲಿ' ಎಂದು ಅರ್ಥ. ನಲ್ಲಿಯಲ್ಲಿ ವರ್ಷವಿಡೀ ನೀರು ಸುರಿಯುತ್ತದೆ. ಹೆಸರಿಟ್ಟವನು ಸುಳ್ಳುಗಾರ, ನಾನಲ್ಲ.

ಡೊಬ್ರಿಂಕಾಳ ಕೊಟ್ಟಿಗೆಯಲ್ಲಿ ಆರು ಕಡಸುಗಳಿದ್ದವು. ಆರೂ ಚೊಚ್ಚಲ ಗಬ್ಬ. ಅವಳ ಹಳೆಯ ಮಂದೆಗೆ ರೋಗ ತಗುಲಿದೆಯೆಂದು ಸರ್ಕಾರದವರು ಒಂದೇ ಬೆಳಿಗ್ಗೆ ಎಲ್ಲವನ್ನೂ ಲಾರಿಗೆ ಹತ್ತಿಸಿಕೊಂಡು ಹೋಗಿ, ಕೊಟ್ಟಿಗೆಗೆ ಸುಣ್ಣ ಬಳಿದಿದ್ದರು. ಬೇರೆ ಊರಿನಲ್ಲಿ ತಂಗಿಯ ಮನೆಯಲ್ಲಿ ಬೆಳೆಯುತ್ತಿದ್ದ ಈ ಆರು ಕರುಗಳು ಮಾತ್ರ ಉಳಿದಿದ್ದವು. ಅವಳ ಅವ್ವನ ಕಾಲದ ತಳಿ. ಸುಣ್ಣದ ವಾಸನೆ ಹೋಗುವವರೆಗೂ ಕಾದು, ಆರನ್ನೂ ಕರೆತಂದು, ಹೆಸರಿಟ್ಟು, ಕೈಯಾರೆ ತಿನ್ನಿಸಿ ಬೆಳೆಸಿದ್ದಳು. "ಇನ್ನೊಂದು ಸಲ ಈ ಕೊಟ್ಟಿಗೆ ಖಾಲಿಯಾದ್ರೆ ಅದರ ಜೊತೆ ನಂಗೂ ಸುಣ್ಣ ಬಳಿದುಬಿಡಿ" ಎಂದು ಅಂಗಡಿಯ ಮುಂದೆ ಹೇಳುತ್ತಿದ್ದಳು. ನಗುತ್ತ ಹೇಳುತ್ತಿದ್ದಳು, ಆದರೆ ಕೇಳಿದವರು ಯಾರೂ ನಗುತ್ತಿರಲಿಲ್ಲ.

ಪಶುವೈದ್ಯ ಪನಾಯೊಟ್ ಆ ಕಡಸುಗಳನ್ನು ನೋಡಿ ಒಂದು ಮೂಟೆ ಬಿಳಿ ಕಾಳು ಕೊಟ್ಟಿದ್ದ. ಹೊಲಕ್ಕೆ ಎರಚುವ ಯೂರಿಯಾ ಇದೆಯಲ್ಲ, ಅದರ ಒಡಹುಟ್ಟಿದ ಅಕ್ಕ. ಮೇವಿಗೆಂದೇ ಶುದ್ಧ ಮಾಡಿದ್ದು. ಹಸುವಿನ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಕೋಟಿ ಹುಳುಗಳು ಅಡುಗೆ ಮಾಡುತ್ತಿರುತ್ತವಂತೆ. ಈ ಕಾಳು ಸಿಕ್ಕರೆ ಅದನ್ನೇ ಬೇಯಿಸಿ ಮೈಗೆ ಮಾಂಸ ಬಡಿಸುತ್ತವಂತೆ.

"ಕಡಸು ಮೊದಲ ಕರು ಹಾಕೋ ಹೊತ್ತಿಗೆ ಎಷ್ಟು ಬೆಳ್ದಿರುತ್ತೋ, ಜೀವಮಾನ ಪೂರ್ತಿ ಅಷ್ಟು ಹಾಲು" ಎಂದಿದ್ದ ಪನಾಯೊಟ್. "ಈಗ ತಿನ್ಸಿದ್ದು ಕೆಚ್ಚಲಿಗೆ, ಆಮೇಲೆ ತಿನ್ಸಿದ್ದು ಸಗಣಿಗೆ. ಆರಕ್ಕೂ ಸೇರಿ ಒಂದು ಮೊಸರಿನ ಡಬ್ಬಿ. ಕಾಕಂಬಿ ಜೊತೆ ಮೇವಿಗೆ ಚೆನ್ನಾಗಿ ಕಲಸು. ಖಾಲಿ ಹೊಟ್ಟೆಗೆ ಹಾಕ್ಬೇಡ. ಎರಡು ಡಬ್ಬಿ ಅಂತೂ ಕನಸಲ್ಲೂ ಹಾಕ್ಬೇಡ. ಹುಳುಗಳು ಅಡುಗೆ ಬಿಟ್ಟು ಮನೆಗೇ ಬೆಂಕಿ ಇಡ್ತವೆ."

ಡೊಬ್ರಿಂಕಾ ಹೇಳಿದ ಹಾಗೆ ನಡೆದುಕೊಂಡಳು. ಬೇಸಿಗೆ ಮುಗಿಯುವಷ್ಟರಲ್ಲಿ ಕೊಟ್ಟಿಗೆಯ ಬಾಗಿಲನ್ನು ಒಡೆದು ಅಗಲ ಮಾಡಿಸಬೇಕಾಯಿತು. ಆರರಲ್ಲಿ ದೊಡ್ಡವಳು ಶಾರ್ಕಾ, ಮೈತುಂಬ ಚುಕ್ಕಿಯವಳು. ಅವಳ ಬೆನ್ನ ಮೇಲೆ ಮೇಜುಬಟ್ಟೆ ಹಾಸಿ ನಾಲ್ಕು ಜನ ಊಟ ಮಾಡಬಹುದಿತ್ತು. ಮಾಡಿದ್ದೇವೆ. ಸೂಪು ಸ್ವಲ್ಪ ಚೆಲ್ಲಿತು, ಅಷ್ಟೆ.

ಇನ್ನು ಗಂಡ ಮಿಂಚೊ. ಹೆಸರು ಮಿಂಚೊ ಆದರೂ ಮಿಂಚಿನ ಗುಣ ಒಂದೂ ಇಲ್ಲದ ನಿಧಾನಸ್ಥ. ಜರ್ಮನಿಯ ಸಾಸೇಜು ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು, ಈ ಕಡಸುಗಳ ಸುದ್ದಿ ಕೇಳಿ ಊರಿಗೆ ವಾಪಸಾಗಿದ್ದ. ಕೈಕಾಲು, ಹಲ್ಲು, ಹೊಟ್ಟೆ ಎಲ್ಲ ಸರಿಯಾಗಿಯೇ ಬಂದಿದ್ದವು. ತಲೆ ಮಾತ್ರ ಕೆಟ್ಟು ಬಂದಿತ್ತು.

ನಮ್ಮಲ್ಲಿ ತಲೆಯನ್ನು ಅತ್ತಿತ್ತ ಆಡಿಸಿದರೆ ಹೌದು. ಮೇಲೆ ಕೆಳಗೆ ಆಡಿಸಿದರೆ ಇಲ್ಲ. ದೇವರು ತಲೆ ಕೊಟ್ಟದ್ದೇ ಹಾಗೆ. ಉಳಿದ ಲೋಕ ಯಾಕೆ ತಿರುವುಮುರುವಾಗಿದೆ ಎಂದು ಉಳಿದ ಲೋಕವನ್ನೇ ಕೇಳಬೇಕು. ಜರ್ಮನಿಯಲ್ಲಿ ಮಿಂಚೊನ ತಲೆಯೂ ತಿರುವುಮುರುವಾಯಿತು. ಬಂದ ಹೊಸತರಲ್ಲಿ ಡೊಬ್ರಿಂಕಾ, "ಇನ್ನೂ ಸ್ವಲ್ಪ ಹಾಕ್ಲಾ?" ಎಂದು ಕೇಳುವಳು, ಅವನು ಬಾಯಿ ತುಂಬಿಕೊಂಡು ಮೇಲೆ ಕೆಳಗೆ ತಲೆಯಾಡಿಸುವನು, ಅವಳು ತಟ್ಟೆ ಎತ್ತಿಕೊಂಡು ಹೋಗುವಳು. ಮನುಷ್ಯ ಅರ್ಧ ಬಡವಾದ.

ಅವನ ಮೇಲೆ ಪ್ರೀತಿ ಇದ್ದುದರಿಂದ ಡೊಬ್ರಿಂಕಾ ಸದ್ದಿಲ್ಲದೆ ಅವನ ತಲೆಯನ್ನು ತಿರುವಿ ಓದಿಕೊಳ್ಳಲು ಕಲಿತಳು. ಅವಳ ಮೇಲೆ ಪ್ರೀತಿ ಇದ್ದುದರಿಂದ ಮಿಂಚೊ ಸದ್ದಿಲ್ಲದೆ ಗಡ್ಡ ಕೆರೆಯುವ ಕನ್ನಡಿಯ ಮುಂದೆ ನಿಂತು ಊರಿನ ತಲೆಯನ್ನು ಅಭ್ಯಾಸ ಮಾಡಿದ. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ. ಪ್ರೀತಿಯಲ್ಲಿ ಇದೊಂದು ಕಷ್ಟ. ಹೇಳದೆ ಕೇಳದೆ ರಿಪೇರಿಗೆ ಇಳಿದುಬಿಡುತ್ತದೆ.

ಅಕ್ಟೋಬರ್ ತಿಂಗಳು. ಮೇವು ಕತ್ತರಿಸಿ ಕಲಸುವ ಯಂತ್ರದ ಪಟ್ಟಿ ಹಿಂದಿನ ಸಂಜೆ ತುಂಡಾಗಿ, ಕಡಸುಗಳಿಗೆ ಒಣ ಹುಲ್ಲಷ್ಟೇ ಸಿಕ್ಕಿತ್ತು. ಬೆಳಿಗ್ಗೆ ಹೊಟ್ಟೆ ಬೆನ್ನಿಗಂಟಿ ಆರೂ ಅರಚುತ್ತಿದ್ದವು. ಮಿಂಚೊ ಹೊಸ ಪಟ್ಟಿ ಹಾಕಿ, ಯಂತ್ರ ಓಡಿಸಿ, ಬಿಳಿ ಕಾಳಿನ ಡಬ್ಬಿಯನ್ನೂ ಸುರಿದ. ಡೊಬ್ರಿಂಕಾ ಕಾಕಂಬಿ ಹಿಡಿದು ಒಳಗೆ ಬಂದಳು. ಯಂತ್ರದ ಸದ್ದಿಗೆ ತನ್ನ ಮಾತು ತನಗೇ ಕೇಳದು.

"ಬಿಳಿ ಕಾಳು ಹಾಕಿದ್ಯಾ?" ಎಂದು ಕಿರುಚಿದಳು, ಡಬ್ಬಿ ತೋರಿಸಿ.

ಮಿಂಚೊ ಎದೆಯುಬ್ಬಿಸಿ ತನ್ನ ಹೊಚ್ಚ ಹೊಸ ಊರಿನ ತಲೆಯನ್ನು ಅತ್ತಿತ್ತ ಆಡಿಸಿದ: ಹೌದು.

ಡೊಬ್ರಿಂಕಾ ಕಕ್ಕುಲಾತಿಯಿಂದ ಅದನ್ನು ಜರ್ಮನಿಯ ತಲೆಯೆಂದು ಓದಿಕೊಂಡಳು: ಇಲ್ಲ.

ಇನ್ನೊಂದು ಡಬ್ಬಿ ಬಿತ್ತು. ಹಸಿದಿದ್ದ ಕಡಸುಗಳು ಗೋದಲಿಯ ತಳ ನೆಕ್ಕುವವರೆಗೂ ತಿಂದವು. ಎಲ್ಲರನ್ನೂ ನೂಕಿ ಎಲ್ಲರಿಗಿಂತ ಹೆಚ್ಚು ತಿಂದವಳು ಶಾರ್ಕಾ.

ಡೊಬ್ರಿಂಕಾ ಅಂಗಳದಲ್ಲಿ ಮೆಣಸಿನಕಾಯಿ ಪೋಣಿಸುತ್ತ ಕೂತಿದ್ದಾಗ ಒಳಗೆ ಹಲ್ಲು ಕಡಿಯುವ ಸದ್ದು ಕೇಳಿಸಿತು. ಬಾಗಿಲು ತೆರೆದು ನೋಡಿದರೆ ಶಾರ್ಕಾಳ ಬಾಯಿಂದ ನೊರೆ ಹಗ್ಗದ ಹಾಗೆ ಇಳಿಯುತ್ತಿತ್ತು. ಕಿವಿಗಳು, ಭುಜ, ತೊಡೆ, ಎಲ್ಲ ಕಡೆ ಚರ್ಮದ ಕೆಳಗೆ ಇಲಿ ಓಡಾಡಿದಂತೆ ಮಾಂಸ ಕುಣಿಯುತ್ತಿತ್ತು. ಎಡಗಡೆ ಹೊಟ್ಟೆ ನಗಾರಿಯ ಹಾಗೆ ಉಬ್ಬಿತ್ತು. ಅವಳ ಕಣ್ಣೆದುರಿಗೇ ಶಾರ್ಕಾಳ ಹಿಂಗಾಲು ಮಡಚಿತು. ಆ ಮೈ ನೆಲಕ್ಕೆ ಬಿದ್ದಾಗ ಗೋಡೆಯ ಸುಣ್ಣ ಉದುರಿತು. ಉಳಿದ ಐದೂ ನಡುಗತೊಡಗಿದ್ದವು.

"ಮಿಂಚೊ! ಎಷ್ಟು ಹಾಕ್ದೆ?"

"ಒಂದು ಡಬ್ಬಿ. ಎಂದಿನಂಗೆ."

"ನೀನು ಹಾಕಿಲ್ಲ ಅಂದ್ಯಲ್ಲೋ!"

"ಹಾಕಿದೀನಿ ಅಂದೆ!"

"ಎಲ್ಲಿ ಅಂದೆ? ಹಿಂಗಂದೆ!" ಎಂದು ಅವಳು ತಲೆಯನ್ನು ಅತ್ತಿತ್ತ ಒದರಿದಳು.

"ಹಿಂಗಂದ್ರೆ ಹೌದು ಅಂತ ಕಣೇ!"

"ಊರಿಗೆಲ್ಲ ಹೌದು. ನಿಂಗೆ ಇಲ್ಲ!"

"ಅದು ಮೊದ್ಲು! ಈಗ ನಾನು ಸರಿ ಮಾಡ್ಕೊಂಡಿದೀನಿ!"

"ಸರಿ ಮಾಡ್ಕೊಂಡಿದೀನಿ ಅಂತ ನಂಗೆ ಯಾವನು ಹೇಳ್ಬೇಕಿತ್ತು? ಆ ಕನ್ನಡಿನಾ?"

ಜಗಳ ಮುಂದುವರಿಸುವುದಕ್ಕೆ ಪುರುಸೊತ್ತಿರಲಿಲ್ಲ. ಫೋನು ಮಾಡಿದರೆ ಪನಾಯೊಟ್ ಬೆಟ್ಟದಾಚೆಯ ಊರಿನಲ್ಲಿ ಒಂದು ಕುದುರೆಯ ಹೆರಿಗೆಯಲ್ಲಿದ್ದ. ಅವನ ಕಿವಿಗೆ ಬೇರೆ ಯಾರೋ ಫೋನು ಹಿಡಿದಿದ್ದರು.

"ನನ್ನ ಕೈ ಭುಜದವರೆಗೂ ಕುದುರೆ ಒಳಗಿದೆ, ಬೇಗ ಹೇಳು" ಎಂದ. ಅವಳು ಹೇಳಿ ಮುಗಿಸುವಷ್ಟರಲ್ಲೇ ಕೂಗಿದ: "ವಿನೆಗರ್. ಒಂದೊಂದಕ್ಕೆ ನಾಕೈದು ಲೀಟರ್, ಜೊತೆಗೆ ತಣ್ಣೀರು ಬಕೆಟ್‌ಗಟ್ಟಲೆ. ಹುಳಿ ಒಳಗೆ ಹೋದ್ರೆ ವಿಷ ಕಟ್ಟಿ ಹಾಕುತ್ತೆ. ನಾನು ಬರೋತನಕ ಕಾಯ್ಬೇಡ ಡೊಬ್ರಿಂಕಾ. ಕಾದ್ರೆ ನಾನು ಬಂದೂ ಪ್ರಯೋಜನ ಇಲ್ಲ."

ಅಡುಗೆಮನೆಯಲ್ಲಿ ಅವಳ ವಿನೆಗರ್ ಶೀಸೆಯ ತಳದಲ್ಲಿ ಒಂದು ಗುಟುಕು ಇತ್ತು. ಮಿಂಚೊ ಅಂಗಡಿಗೆ ಓಡಿದ. ಅಕ್ಟೋಬರಿನಲ್ಲಿ ನಮ್ಮೂರ ಅಂಗಡಿಯಲ್ಲಿ ವಿನೆಗರ್ ಹುಡುಕುವುದು ಒಂದೇ, ಊರೆಲ್ಲ ಮೊಟ್ಟೆಗೆ ಬಣ್ಣ ಹಚ್ಚಿ ತಿಂದು ಮುಗಿಸಿದ ಈಸ್ಟರ್ ಹಬ್ಬದ ಮರುದಿನ ಮೊಟ್ಟೆ ಹುಡುಕುವುದು ಒಂದೇ. ಊರಿಗೆ ಊರೇ ಚಳಿಗಾಲಕ್ಕೆಂದು ವಿನೆಗರ್ ಸುರಿದು ಉಪ್ಪಿನಕಾಯಿ ಹಾಕಿ ಮುಗಿಸಿತ್ತು. ಮಿಂಚೊ ನಾಲ್ಕು ನಿಂಬೆಹಣ್ಣು ಹಿಡಿದುಕೊಂಡು ವಾಪಸು ಬಂದ.

"ಇದೇನು, ಮೀನು ಬೇಯಿಸ್ತಿದೀಯಾ?" ಎಂದು ಡೊಬ್ರಿಂಕಾ ಅರಚಿದಳು. ಅರಚುತ್ತಿದ್ದ ಹಾಗೆಯೇ ಅವಳಿಗೆ ಹೊಳೆಯಿತು: ಊರಿನ ವಿನೆಗರ್ ಎಲ್ಲೂ ಹೋಗಿಲ್ಲ. ಜಾಡಿಗಳಲ್ಲಿ ಕೂತಿದೆ. ತನ್ನದೇ ಮೂರು ಜಾಡಿ ಮಿಂಚೊನ ಕೈಗಿತ್ತು, "ಶುರು ಮಾಡು" ಎಂದು ಬೀದಿಗೆ ಓಡಿದಳು.

ಅತಿ ಹೆಚ್ಚು ಜಾಡಿಗಳಿದ್ದದ್ದು ಎದುರುಮನೆಯ ತ್ಸೆನಾ ಅಜ್ಜಿಯ ನೆಲಮಾಳಿಗೆಯಲ್ಲಿ. ಹೂಕೋಸು, ಗಜ್ಜರಿ, ಹಸಿ ಟೊಮೆಟೊ, ಸೌತೆ, ಮಗುವಿನಷ್ಟೆತ್ತರದ ಜಾಡಿಗಳು ಸಾಲುಸಾಲು. ಆದರೆ ತ್ಸೆನಾ ಅಜ್ಜಿ ಡೊಬ್ರಿಂಕಾಳ ಜೊತೆ ಮಾತು ಬಿಟ್ಟಿದ್ದಳು. ಅಜ್ಜಿಯ ಗಂಡ ತೀರಿಕೊಂಡಾಗ ತಿಥಿಯ ಊಟದಲ್ಲಿ ಡೊಬ್ರಿಂಕಾ ಒಂದು ಹೋಳು ಬಾಯಿಗೆ ಹಾಕಿಕೊಂಡು, "ಸ್ವಲ್ಪ ಮೆತ್ತಗಾಗಿದೆ" ಎಂದಿದ್ದಳು. ಗಂಡ ಹೋದದ್ದನ್ನು ಅಜ್ಜಿ ಕಾಲಕ್ರಮದಲ್ಲಿ ಮರೆತಳು. ಇದನ್ನು ಮರೆತಿರಲಿಲ್ಲ.

"ಅಜ್ಜಿ, ಕಡಸುಗಳು ಸಾಯ್ತಿವೆ. ಹುಳಿನೀರು ಬೇಕು. ಜಾಡಿದು. ಎಲ್ಲಾ ಕೊಡಿ."

"ಎಲ್ಲಾ?" ಅಜ್ಜಿ ಗೇಟಿನ ಚಿಲಕದಿಂದ ಕೈ ತೆಗೆಯಲಿಲ್ಲ. "ಚಳಿಗಾಲ ಪೂರ್ತಿ ನಾನೇನು ಕಲ್ಲು ಕಡೀಲಾ? ಅಲ್ದೆ, ನಿನ್ನ ಹಸುಗಳಿಗೆ ನನ್ನ ಮೆತ್ತನೆ ಉಪ್ಪಿನಕಾಯಿ ನೀರು ಸೇರುತ್ತಾ? ಇವತ್ತಿಗೂ ಅಂತೀಯೇನೇ, ಮೆತ್ತಗಿತ್ತು ಅಂತ?"

ಓಡಿ ಬಂದ ಡೊಬ್ರಿಂಕಾಳಿಗೆ ಉಸಿರೇ ಇರಲಿಲ್ಲ. ಇದ್ದ ಶಕ್ತಿಯನ್ನೆಲ್ಲ ಕತ್ತಿಗೆ ತಂದು, ಇಲ್ಲ ಇಲ್ಲ ಎಂದು ತಲೆಯನ್ನು ಅತ್ತಿತ್ತ ಅತ್ತಿತ್ತ ಬೀಸಿದಳು. ಇಷ್ಟು ಕಾಲ ಮಿಂಚೊನ ತಲೆಯನ್ನು ತಿರುವಿ ಓದಿ ಓದಿ ಅವಳ ತಲೆಯೇ ತಿರುವಿಕೊಂಡಿತ್ತು.

ಅಜ್ಜಿಗೆ ಕಂಡದ್ದು: ಹೌದು, ಹೌದು, ಮೆತ್ತಗಿತ್ತು, ಹೌದು.

ಗೇಟು ಮುಖಕ್ಕೆ ಬಡಿಯಿತು.

ತಾನು ಮಾಡಿದ್ದೇನೆಂದು ಡೊಬ್ರಿಂಕಾಳಿಗೆ ಆಗ ಅರ್ಥವಾಯಿತು. ಗೇಟಿನ ಬುಡದಲ್ಲೇ ಕುಸಿದು ಎರಡೂ ಕೈಯಿಂದ ಹಲಗೆ ಗುದ್ದಿದಳು.

"ಇಲ್ಲ ಅಂದೆ ಅಜ್ಜಿ! ಇಲ್ಲ ಅಂದೆ! ನನ್ನ ತಲೆ ಕೆಟ್ಟಿದೆ, ನನ್ನ ತಲೆ ನೋಡ್ಬೇಡಿ, ಬಾಯಿ ಕೇಳಿ! ನಿಮ್ಮ ಉಪ್ಪಿನಕಾಯಿ ಕರುಂ ಅಂತಿತ್ತು! ಕಲ್ಲಿನಂಗಿತ್ತು! ನಾನು ಹೊಟ್ಟೆಕಿಚ್ಚಿಗೆ ಅಂದೆ!" ಅಕ್ಕಪಕ್ಕದ ಕಿಟಕಿಗಳು ತೆರೆದವು. ಅದು ಸುಳ್ಳೆಂದು ಅವಳಿಗೂ ಗೊತ್ತು, ಕಿಟಕಿಗಳಿಗೂ ಗೊತ್ತು. "ನನ್ನ ಹಲ್ಲು ಮುರಿಯೋ ಹಂಗಿತ್ತು ಅಜ್ಜಿ, ಆರು ಜೀವ, ಹೊಟ್ಟೇಲಿ ಇನ್ನಾರು, ನಿಮ್ಮ ಕಾಲಿಗೆ ಬೀಳ್ತೀನಿ..."

ಆಗ ಕೊಟ್ಟಿಗೆಯಿಂದ ಒಂದು ಕೂಗು ಬಂತು. ಹಸು ಕೂಗುವ ಹಾಗಿರಲಿಲ್ಲ ಅದು. ತ್ಸೆನಾ ಅಜ್ಜಿ ಪ್ರಾಯದಲ್ಲಿ ಊರ ಸಹಕಾರಿ ಮಂದೆಯ ಹಾಲು ಕರೆದವಳು; ಆ ಕೂಗು ಅವಳಿಗೆ ಗೊತ್ತಿತ್ತು.

ಗೇಟು ತೆರೆಯಿತು. "ಬಾಯಿ ಮುಚ್ಚು. ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಕೈಗಾಡಿ ತಗೊಂಡು ಬಾ."

ಜಾಡಿಗಳು ಕೊಟ್ಟಿಗೆಗೆ ಬಂದವು. ಹುಳಿನೀರನ್ನು ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಖಾಲಿ ಶೀಸೆಗೆ ತುಂಬಿ ಕಡಸಿನ ಬಾಯಿಯ ಮೂಲೆಯಿಂದ ಇಳಿಸಬೇಕು. ತಲೆ ಹೆಚ್ಚು ಎತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಕಡಿಮೆ ಎತ್ತಿದರೆ ನೆಲಕ್ಕೆ. ಗಜ್ಜರಿ ಹೋಳು ಶೀಸೆಯ ಕತ್ತಿಗೆ ಸಿಕ್ಕಿಕೊಳ್ಳುತ್ತಿತ್ತು. ಅಜ್ಜಿ ತಲೆಗೆ ಕಟ್ಟಿದ್ದ ಕಪ್ಪು ವಸ್ತ್ರ ಬಿಚ್ಚಿ ಅದರಲ್ಲಿ ಸೋಸತೊಡಗಿದಳು. ಗಂಡ ಸತ್ತಾಗಿನಿಂದ ಅವಳ ತಲೆಗೂದಲನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಬೆಳ್ಳಗೆ, ಹುಡುಗಿಯ ಹಾಗೆ ದಟ್ಟವಾಗಿತ್ತು.

ಡೊಬ್ರಿಂಕಾ ನೇರ ಶಾರ್ಕಾಳ ಹತ್ತಿರ ಕೂತಳು. ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಶೀಸೆ ಇಟ್ಟಳು. ಹುಳಿನೀರು ಒಳಗೆ ಹೋದಷ್ಟೇ ಹೊರಗೆ ಬಂತು. ಇನ್ನೊಂದು ಶೀಸೆ. ಅದೂ ಅವಳ ಲಂಗವನ್ನೇ ನೆನೆಸಿತು. "ನುಂಗೇ. ನುಂಗೇ ನನ್ನವ್ವ. ಸಣ್ಣವಳಿದ್ದಾಗ ನನ್ನ ಬೆರಳು ಚೀಪಿದ್ದೆ ನೋಡು, ಹಂಗೆ."

ಆ ಕಡೆ ಮಿಂಚೊ, ಎದೆಗೆ ಇನ್ನೊಂದು ಕಡಸಿನ ಕತ್ತು ಅವುಚಿಕೊಂಡು ಖಾಲಿ ಶೀಸೆ ಹಿಡಿದಿದ್ದ. ಜಾಡಿಗಳು ಕರಗುತ್ತಿದ್ದವು. ಐದೂ ಇನ್ನೂ ಕಾಲ ಮೇಲಿದ್ದವು. ಅವುಗಳಲ್ಲಿ ಎರಡು ಗೋಡೆಗೆ ಒರಗಿದ್ದವು.

ಡೊಬ್ರಿಂಕಾ ಅವನತ್ತ ನೋಡಿದಳು. "ಇವಳನ್ನ ಬಿಟ್ಬಿಡ್ಲಾ?"

ಅವನ ತಲೆ ಅಲ್ಲಾಡಿತು. ಅತ್ತಿತ್ತವೋ ಮೇಲೆ ಕೆಳಗೋ, ಎರಡೂ ಸೇರಿತ್ತೋ, ಬರೀ ನಡುಕವೋ, ಅವನಿಗೇ ಗೊತ್ತಿರಲಿಲ್ಲ.

"ಬಾಯಲ್ಲಿ ಹೇಳೋ! ದಮ್ಮಯ್ಯ ಅಂತೀನಿ, ಬಾಯಲ್ಲಿ ಹೇಳು!"

"ಬಿಡು" ಎಂದ ಮಿಂಚೊ. ಮತ್ತೆ ಹೇಳಿದ. "ನಿಂತಿರೋರಿಗೆ ಕೊಡು. ಅವಳನ್ನ ಬಿಡು, ಡೊಬ್ರಿಂಕಾ."

ಅವನು ವಾಪಸು ಬಂದಾಗಿನಿಂದ ಅಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿರಲಿಲ್ಲ. ಅವಳು ಗೋಣಿಚೀಲವೊಂದನ್ನು ಮಡಿಸಿ ಶಾರ್ಕಾಳ ಕೆನ್ನೆಯ ಕೆಳಗಿಟ್ಟು ಎದ್ದಳು. ಎದ್ದ ಮೇಲೆ ಆ ಕಡೆಗೆ ಬೆನ್ನು ಮಾಡಿಯೇ ಕೆಲಸ ಮಾಡಿದಳು.

ಮೂರು ಕಡಸುಗಳಿಗೆ ಸಾಕಾಗುವಷ್ಟರಲ್ಲಿ ಕೊನೆಯ ಜಾಡಿಯ ತಳ ಕಂಡಿತು. ಗೋಡೆಗೆ ಒರಗಿದ್ದ ಎರಡು ಇನ್ನೂ ಬಾಕಿ ಇದ್ದವು. ತ್ಸೆನಾ ಅಜ್ಜಿ ಒದ್ದೆ ವಸ್ತ್ರವನ್ನು ಹಿಂಡುತ್ತಲೇ ಇದ್ದಳು. ಅದರಿಂದ ಇನ್ನೇನೂ ಬರುತ್ತಿರಲಿಲ್ಲ. ಡೊಬ್ರಿಂಕಾ ಮಿಂಚೊನ ನಾಲ್ಕು ನಿಂಬೆಹಣ್ಣುಗಳನ್ನು ಹಲ್ಲಿನಿಂದಲೇ ಸೀಳಿ ಒಂದರ ಬಾಯಿಗೆ ಹಿಂಡಿದಳು.

ಆಗ ಬೀದಿಯಲ್ಲಿ ಗುಡುಗುಡು ಸದ್ದಾಯಿತು. ಮುದುಕ ನಯ್ಡೆನ್ ತನ್ನ ವೈನಿನ ಪೀಪಾಯಿಯನ್ನು ಉರುಳಿಸಿಕೊಂಡು ಬರುತ್ತಿದ್ದ. ಊರಿನಲ್ಲಿ ಮದುವೆ, ನಾಮಕರಣ ಏನೇ ಆದರೂ ನಯ್ಡೆನ್‌ನ ವೈನ್ ಬಂದೇ ಬರುತ್ತಿತ್ತು. ಎಲ್ಲರೂ ಒಂದು ಗುಟುಕು ಕುಡಿದು, ಕಣ್ಣೀರು ಒರೆಸಿಕೊಂಡು, "ಆಹಾ, ಬಿಸಿಲಿನ ರುಚಿ ಇದೆ" ಎನ್ನುತ್ತಿದ್ದರು.

ನಯ್ಡೆನ್ ಪೀಪಾಯಿಯನ್ನು ಬಾಗಿಲಿಗೆ ನಿಲ್ಲಿಸಿದ. ಯಾರ ಮುಖವನ್ನೂ ನೋಡಲಿಲ್ಲ.

"ವಿನೆಗರ್ ಬೇಕಂತೆ. ತಗೊಳ್ಳಿ."

ತ್ಸೆನಾ ಅಜ್ಜಿ ರೂಢಿಬಲದಿಂದ, "ಅಷ್ಟೇನೂ ಹುಳಿ ಇಲ್ಲ ನಯ್ಡೆನ್" ಎಂದಳು.

"ಸುಮ್ನಿರೇ ತ್ಸೆನಾ. ನಂಗೂ ನಾಲಿಗೆ ಇದೆ, ಇಷ್ಟು ವರ್ಷದಿಂದ ಇದೆ. ಇವತ್ತಾದ್ರೂ ಹುಳಿ ಇದೆ ಅನ್ನು, ಎರಡು ಜೀವ ಉಳೀಲಿ."

"ಇದೆ" ಎಂದಳು ಅಜ್ಜಿ. "ಕುದುರೆ ಲಾಳ ಕರಗೋಷ್ಟಿದೆ."

"ಅಷ್ಟಂದ್ರೆ ಸಾಕು. ಜಾಸ್ತಿ ಮಾಡ್ಬೇಡ."

ಆ ಎರಡೂ ಕುಡಿದವು. ಬಕೆಟ್‌ಗಟ್ಟಲೆ ನಲ್ಲಿಯ ನೀರು ಕುಡಿದವು. ಡೊಬ್ರಿಂಕಾ ಒಂದರ ಹೊಟ್ಟೆಗೆ ಕಿವಿಯಿಟ್ಟು ಕೂತಳು. ಒಳಗೆ ಬಿರುಗಾಳಿ ಇದ್ದದ್ದು ಗಾಳಿಯಾಯಿತು, ಗಾಳಿ ಗೊಣಗಾಟವಾಯಿತು. ಆ ಕಡಸು ಒಂದು ತೇಗು ತೇಗಿತು. ಬೆಳ್ಳುಳ್ಳಿ, ಸಬ್ಬಸಿಗೆ, ನಯ್ಡೆನ್‌ನ ದ್ರಾಕ್ಷಿ, ಎಲ್ಲದರ ವಾಸನೆ ಕೊಟ್ಟಿಗೆ ತುಂಬಿತು. ಅದರ ಕಿವಿಯ ನಡುಕ ನಿಂತಿತ್ತು.

ಪೀಪಾಯಿಯಲ್ಲಿ ಇನ್ನೂ ಇತ್ತು. ಡೊಬ್ರಿಂಕಾ ಒಂದು ಶೀಸೆ ತುಂಬಿಸಿಕೊಂಡು ಶಾರ್ಕಾಳ ಹತ್ತಿರ ಹೋದಳು. ಬಾಯಿ ಬಿಡಿಸಿದಳು. ಸುರಿದಳು. ಹಾಕಿದ್ದು ಹಾಕಿದ ಹಾಗೆಯೇ ಬಾಯಲ್ಲಿ ನಿಂತಿತು.

ಪನಾಯೊಟ್ ಬಂದಾಗ ಮಧ್ಯಾಹ್ನವಾಗಿತ್ತು. ಕುದುರೆಯ ರಕ್ತ ಅವನ ಭುಜದ ಮೇಲೆ ಒಣಗಿತ್ತು. ಐದರ ಹೊಟ್ಟೆಯನ್ನೂ ಮುಟ್ಟಿ ನೋಡಿ, "ಉಳ್ಕೊಂಡ್ವು" ಎಂದ. ಶಾರ್ಕಾಳ ಹತ್ತಿರ ಕೂತು ಬೆರಳಿನಿಂದ ಅವಳ ಕಣ್ಣುಗುಡ್ಡೆ ಮುಟ್ಟಿದ. ರೆಪ್ಪೆ ಮಿಟುಕಲಿಲ್ಲ.

"ಒಳಗಿರೋ ಕರು?" ಎಂದು ಡೊಬ್ರಿಂಕಾ ಕೇಳಿದಳು.

ಪನಾಯೊಟ್ ತಲೆ ಆಡಿಸಲು ಹೋಗಿ, ಗಂಡ ಹೆಂಡಿರ ಮುಖ ನೋಡಿ, ತಡೆದುಕೊಂಡ. "ಇಲ್ಲಮ್ಮ" ಎಂದ ಬಾಯಲ್ಲಿ.

ಅಂದಿನಿಂದ ಆ ಮನೆಯಲ್ಲಿ ತಲೆಯಾಡಿಸುವುದು ನಿಷೇಧ. ಇಬ್ಬರೂ ಕತ್ತಿಗೆ ಹಲಗೆ ಕಟ್ಟಿಕೊಂಡವರ ಹಾಗೆ ನೆಟ್ಟಗೆ ಕೂತು, ಉಪ್ಪು ಬೇಕಾ ಎಂದರೆ 'ಹೌದು' ಅಥವಾ 'ಬೇಡ' ಎಂದು ಗಟ್ಟಿಯಾಗಿ ಹೇಳುತ್ತಾರೆ. ಬೀದಿಗೂ ಕೇಳಿಸುತ್ತದೆ.

ಐದು ಕಡಸುಗಳೂ ವಸಂತದಲ್ಲಿ ಕರು ಹಾಕಿದವು. ಹಾಲೋ ಹಾಲು. ಹುಳಿನೀರು ಕುಡಿದ ಮೂರರ ಹಾಲಿಗೆ ಹೆಪ್ಪು ಹಾಕುವ ಕೆಲಸವೇ ಇಲ್ಲ. ಕರೆಯುವಾಗಲೇ ಮೊಸರಾಗಿ ಬೀಳುತ್ತದೆ, ಸೌತೆಕಾಯಿ ಹೆಚ್ಚಿ ಹಾಕಿ ಕುಡಿದುಬಿಡುವುದಷ್ಟೆ. ನಯ್ಡೆನ್‌ನ ಪೀಪಾಯಿ ಕುಡಿದ ಎರಡರ ಹಾಲನ್ನು ಪ್ರಾರ್ಥನೆಗೆ ಮುಂಚೆ ಯಾರೂ ಮುಟ್ಟಬಾರದೆಂದು ಪಾದ್ರಿ ಆಜ್ಞೆ ಮಾಡಿದ್ದಾರೆ. ಇದೆಲ್ಲ ದೊಡ್ಡದಲ್ಲ. ದೊಡ್ಡದು ಶಾರ್ಕಾಳದು. ಸತ್ತ ದನ ಒಯ್ಯುವ ಲಾರಿ ಬಂತಲ್ಲ, ಸರಪಣಿ ಬಿಗಿದರಲ್ಲ, ಚಾಲಕ ಯಂತ್ರ ಚಾಲೂ ಮಾಡಿದನಲ್ಲ, ಆಗ ಅವಳ ಎಡಗಿವಿ ಅಲ್ಲಾಡಿತು. ನಾನು ಈ ಕಣ್ಣಾರೆ ಕಂಡೆ. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಚಾಲಕ ಟೋಪಿ ತೆಗೆದ. ಅವಳು ಮುಂಗಾಲು ಊರಿ, ಸರಪಣಿ ಕೊಡವಿ... ಎಲ್ಲಿಗೆ ಹೊರಟೆ ಡೊಬ್ರಿಂಕಾ? ಬೀನ್ಸ್ ಬುಟ್ಟಿ ಇಲ್ಲೇ ಇದೆ. ಕೂತ್ಕೊಳೇ, ಇನ್ನೇನು ಮುಗೀತು. ಎದ್ದು ನಿಂತ್ಲು ಕಣೇ ಅವಳು, ಹೊಟ್ಟೆ ಒಳಗಿಂದ ಕರು ಒದೀತಿತ್ತು, ನಿಂತು, ನಿನ್ನ ಕೊಟ್ಟಿಗೆ ಕಡೆಗೇ ತಿರುಗಿ, ಒಂದು ಹೆಜ್ಜೆ...